ಮಿದುಳಿನ ಸ್ಟೀರಾಯ್ಡ್ ಹಾರ್ಮೋನುಗಳು, ನೆನಪು ಮತ್ತು ಕಲಿಕೆ: ಇಲಿಗಳ ಅಧ್ಯಯನದಿಂದ ತಿಳಿದುಬಂದ ಅಂಶಗಳು

(ಭಟ್ಕಳ, ಹೊನ್ನಾವರ ಹಾಗೂ ಕುಮಟಾ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

ಪೀಠಿಕೆ

ಉತ್ತರ ಕನ್ನಡ ಜಿಲ್ಲೆಯ ದಕ್ಷಿಣ ಕರಾವಳಿಯ ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕುಗಳು ಮಳೆಗಾಲದಲ್ಲಿ ನೆರೆ ಮತ್ತು ಗುಡ್ಡ ಕುಸಿತದ ಭೀತಿಯನ್ನು ಎದುರಿಸುವ ಪ್ರದೇಶಗಳಾಗಿವೆ. 2022ರ ಆಗಸ್ಟ್ ತಿಂಗಳಿನಲ್ಲಿ ಭಟ್ಕಳ ತಾಲ್ಲೂಕಿನ ಮುಟ್ಟಳ್ಳಿಯಲ್ಲಿ ಮನೆಯ ಮೇಲೆ ಗುಡ್ಡ ಕುಸಿದು ನಾಲ್ವರು ಮೃತಪಟ್ಟರು. 2024ರ ಜುಲೈ 16ರಂದು ಕುಮಟಾಕ್ಕೆ ಹೊಂದಿಕೊಂಡಿರುವ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಜೀವಹಾನಿ ಸಂಭವಿಸಿತು. ಇಂತಹ ಘಟನೆಗಳಲ್ಲಿ ಮನೆ, ತೋಟ, ದೋಣಿಗಳಿಗೆ ಆದ ಹಾನಿಯನ್ನು ಅಳೆದು ದಾಖಲಿಸಲಾಗುತ್ತದೆ. ಬದುಕುಳಿದವರ ಮನಸ್ಸಿನ ಮೇಲೆ ಆಗುವ ಪರಿಣಾಮವು ಆ ದಾಖಲೆಗಳಲ್ಲಿ ಕಾಣುವುದಿಲ್ಲ. ಅದು ಕೆಲವೊಮ್ಮೆ ಹಲವು ದಿನಗಳ ನಂತರವೇ ಗೋಚರಿಸುತ್ತದೆ. "ಆಗ ಚೆನ್ನಾಗಿಯೇ ಇದ್ದರು, ಈಗ ಏಕೆ ಹೀಗೆ?" ಎಂಬ ಪ್ರಶ್ನೆ ಕುಟುಂಬದವರಲ್ಲಿ ಮೂಡುವುದು ಸಹಜ.

ಈ ಪ್ರಶ್ನೆಗೆ ಉತ್ತರದ ಒಂದು ಭಾಗವು ಸ್ಟೀರಾಯ್ಡ್ ಹಾರ್ಮೋನುಗಳು ಮಿದುಳಿನ ಮೇಲೆ ಬೀರುವ ಪ್ರಭಾವವನ್ನು ಕುರಿತ ಸಂಶೋಧನೆಗಳಲ್ಲಿ ದೊರೆಯುತ್ತದೆ. ಈ ಸಂಶೋಧನೆಗಳ ಪೈಕಿ ಹಲವು ಮಹತ್ವದವು ಬೆಂಗಳೂರಿನಲ್ಲಿಯೇ ನಡೆದಿವೆ. ಅವುಗಳ ಸಾರಾಂಶವನ್ನು ಹಾಗೂ ತತ್ಸಂಬಂಧವಾಗಿ ಸಾರ್ವಜನಿಕರು ಪಡೆಯಬಹುದಾದ ಸೇವೆಗಳ ವಿವರವನ್ನು ಇಲ್ಲಿ ನೀಡಲಾಗಿದೆ.

1. ಸ್ಟೀರಾಯ್ಡ್ ಹಾರ್ಮೋನು ಎಂದರೇನು?

ಹಾರ್ಮೋನುಗಳು ದೇಹದ ಗ್ರಂಥಿಗಳಿಂದ ಸ್ರವಿಸಲ್ಪಟ್ಟು, ರಕ್ತದ ಮೂಲಕ ಸಾಗಿ, ದೂರದ ಅಂಗಗಳಿಗೆ ಸಂದೇಶ ತಲುಪಿಸುವ ರಾಸಾಯನಿಕ ವಸ್ತುಗಳು. ಇವುಗಳಲ್ಲಿ ಕೊಲೆಸ್ಟರಾಲ್‌ನಿಂದ ತಯಾರಾಗುವ ಗುಂಪಿಗೆ ಸ್ಟೀರಾಯ್ಡ್ ಹಾರ್ಮೋನುಗಳು ಎಂದು ಹೆಸರು. ಮೂತ್ರಪಿಂಡಗಳ ಮೇಲ್ಭಾಗದಲ್ಲಿರುವ ಅಡ್ರಿನಲ್ ಗ್ರಂಥಿಯಿಂದ ಬರುವ ಕಾರ್ಟಿಸಾಲ್, ಅಂಡಾಶಯದಿಂದ ಬರುವ ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟರೋನ್, ವೃಷಣದಿಂದ ಬರುವ ಟೆಸ್ಟೊಸ್ಟರೋನ್ ಇವು ಪ್ರಮುಖವಾದವು.

ಸ್ಟೀರಾಯ್ಡುಗಳು ಕೊಬ್ಬಿನಲ್ಲಿ ಕರಗುವ ಗುಣ ಹೊಂದಿರುವುದರಿಂದ ರಕ್ತದಿಂದ ಮಿದುಳಿನೊಳಗೆ ಸುಲಭವಾಗಿ ಪ್ರವೇಶಿಸುತ್ತವೆ. ಕಾರ್ಟಿಸಾಲ್ ಹಾರ್ಮೋನನ್ನು ಸಾಮಾನ್ಯವಾಗಿ "ಒತ್ತಡದ ಹಾರ್ಮೋನು" ಎಂದು ಕರೆಯಲಾಗುತ್ತದೆ. ಭಯ, ಗಾಯ, ಹಸಿವು, ಆತಂಕ ಮುಂತಾದ ಸಂದರ್ಭಗಳಲ್ಲಿ ಇದರ ಪ್ರಮಾಣ ಏರುತ್ತದೆ. ಇಲಿಗಳಲ್ಲಿ ಇದೇ ಕೆಲಸವನ್ನು ಕಾರ್ಟಿಕೊಸ್ಟರೋನ್ ಎಂಬ ಸ್ಟೀರಾಯ್ಡ್ ನಿರ್ವಹಿಸುತ್ತದೆ.

2. ಅಧ್ಯಯನಕ್ಕೆ ಇಲಿಗಳನ್ನು ಬಳಸುವುದು ಏಕೆ?

ನೆನಪಿಗೆ ಸಂಬಂಧಿಸಿದ ಮಿದುಳಿನ ಭಾಗಗಳು ಇಲಿಯಲ್ಲಿಯೂ ಮನುಷ್ಯನಲ್ಲಿಯೂ ಮೂಲತಃ ಒಂದೇ ಮಾದರಿಯಲ್ಲಿ ರಚಿತವಾಗಿವೆ. ಅವುಗಳಲ್ಲಿ ಎರಡು ಭಾಗಗಳನ್ನು ಇಲ್ಲಿ ಮುಖ್ಯವಾಗಿ ಗಮನಿಸಬೇಕು.

(ಅ) ಹಿಪ್ಪೊಕ್ಯಾಂಪಸ್: ಸ್ಥಳ, ದಾರಿ, ಘಟನೆ ಮತ್ತು ಹೊಸ ವಿಷಯಗಳನ್ನು ನೆನಪಿನಲ್ಲಿ ಇರಿಸುವ ಭಾಗ.
(ಆ) ಅಮಿಗ್ಡಲಾ: ಭಯವನ್ನು ಗುರುತಿಸುವ ಹಾಗೂ ಭಯದ ನೆನಪನ್ನು ಉಳಿಸುವ ಭಾಗ.

1968ರಲ್ಲಿ ಅಮೆರಿಕದ ಬ್ರೂಸ್ ಮೆಕ್ಯೂಅನ್ ಮತ್ತು ಸಹೋದ್ಯೋಗಿಗಳು ಇಲಿಗಳಿಗೆ ನೀಡಿದ ಕಾರ್ಟಿಕೊಸ್ಟರೋನ್ ಹಾರ್ಮೋನು ಹಿಪ್ಪೊಕ್ಯಾಂಪಸ್‌ನಲ್ಲಿ ವಿಶೇಷವಾಗಿ ಶೇಖರಗೊಳ್ಳುವುದನ್ನು ತೋರಿಸಿದರು. ಒತ್ತಡದ ಹಾರ್ಮೋನಿಗೂ ನೆನಪಿನ ಕೇಂದ್ರಕ್ಕೂ ನೇರ ಸಂಬಂಧವಿರುವುದು ಇದರಿಂದ ಸ್ಪಷ್ಟವಾಯಿತು.

ಇಲಿಗಳ ನೆನಪನ್ನು ಅಳೆಯಲು ಹೆಚ್ಚಾಗಿ ಬಳಸುವ ವಿಧಾನವನ್ನು 1981ರಲ್ಲಿ ರಿಚರ್ಡ್ ಮಾರಿಸ್ ಪ್ರಕಟಿಸಿದರು. ಈ ವಿಧಾನದಲ್ಲಿ ಒಂದು ದೊಡ್ಡ ದುಂಡನೆಯ ತೊಟ್ಟಿಯಲ್ಲಿ ಒಳಗೇನಿದೆ ಎಂದು ಕಾಣದಂತೆ ಮಾಡಿದ ನೀರನ್ನು ತುಂಬಿ, ನೀರಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಒಂದು ಸಣ್ಣ ಪೀಠವನ್ನು ಇಡಲಾಗುತ್ತದೆ. ಇಲಿಯು ಈಜಿ ಈ ಪೀಠವನ್ನು ಹುಡುಕಿ ಅದರ ಮೇಲೆ ಏರಬೇಕು. ಕೋಣೆಯ ಗೋಡೆಗಳ ಗುರುತುಗಳನ್ನು ನೆನಪಿಟ್ಟುಕೊಂಡ ಇಲಿ ದಿನದಿಂದ ದಿನಕ್ಕೆ ಬೇಗನೆ ಪೀಠವನ್ನು ತಲುಪುತ್ತದೆ. ಹಿಪ್ಪೊಕ್ಯಾಂಪಸ್‌ಗೆ ಹಾನಿಯಾದ ಇಲಿ ಪ್ರತಿಬಾರಿಯೂ ಹೊಸದಾಗಿ ಹುಡುಕುತ್ತದೆ.

3. ಮಿದುಳು ತಾನೇ ತಯಾರಿಸುವ ಸ್ಟೀರಾಯ್ಡುಗಳು

ಸ್ಟೀರಾಯ್ಡುಗಳು ಗ್ರಂಥಿಗಳಲ್ಲಿ ಮಾತ್ರ ತಯಾರಾಗುತ್ತವೆ ಎಂದು ಬಹುಕಾಲ ತಿಳಿಯಲಾಗಿತ್ತು. 1981ರಲ್ಲಿ ಫ್ರಾನ್ಸ್‌ನ ಎತಿಯೆನ್-ಎಮಿಲ್ ಬೊಲ್ಯೂ ಅವರ ತಂಡವು ಇಲಿಗಳ ಮಿದುಳಿನಲ್ಲಿ ಒಂದು ಬಗೆಯ ಸ್ಟೀರಾಯ್ಡ್ ರಕ್ತದಲ್ಲಿರುವುದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಇರುವುದನ್ನು ಕಂಡುಕೊಂಡಿತು. ಅಡ್ರಿನಲ್ ಗ್ರಂಥಿ ಹಾಗೂ ವೃಷಣಗಳನ್ನು ತೆಗೆದ ಇಲಿಗಳಲ್ಲಿಯೂ ಅದು ಮಿದುಳಿನಲ್ಲಿ ಉಳಿದಿತ್ತು. ಮಿದುಳಿನಲ್ಲಿಯೇ ತಯಾರಾಗುವ ಇಂತಹ ವಸ್ತುಗಳಿಗೆ ನ್ಯೂರೊಸ್ಟೀರಾಯ್ಡುಗಳು ಎಂಬ ಹೆಸರು ಬಂದಿತು.

ಇವುಗಳಿಗೂ ನೆನಪಿಗೂ ಇರುವ ಸಂಬಂಧವನ್ನು ಮುಂದಿನ ಅಧ್ಯಯನಗಳು ತೋರಿಸಿದವು.

(ಅ) 1992ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಗಂಡು ಸುಂಡಿಲಿಗಳಿಗೆ ಒಂದು ಪಾಠ ಕಲಿಸಿದ ಕೂಡಲೇ ಪ್ರೆಗ್ನೆನೊಲೋನ್ ಮತ್ತು ಅದರಿಂದ ಉತ್ಪತ್ತಿಯಾಗುವ ಸ್ಟೀರಾಯ್ಡುಗಳನ್ನು ಮಿದುಳಿಗೆ ನೀಡಲಾಯಿತು. ಅತ್ಯಲ್ಪ ಪ್ರಮಾಣದಲ್ಲಿ ಪಡೆದ ಸುಂಡಿಲಿಗಳು ಪಾಠವನ್ನು ಹೆಚ್ಚು ಚೆನ್ನಾಗಿ ನೆನಪಿಟ್ಟುಕೊಂಡವು. ಪ್ರಮಾಣವನ್ನು ಹೆಚ್ಚಿಸುತ್ತ ಹೋದಾಗ ಈ ಪ್ರಯೋಜನ ಕಡಿಮೆಯಾಯಿತು.

(ಆ) 1997ರ ಒಂದು ಅಧ್ಯಯನದಲ್ಲಿ, ವಯಸ್ಸಾದ ಇಲಿಗಳ ಪೈಕಿ ನೆನಪು ಕುಂದಿದ್ದವುಗಳ ಹಿಪ್ಪೊಕ್ಯಾಂಪಸ್‌ನಲ್ಲಿ ಪ್ರೆಗ್ನೆನೊಲೋನ್ ಸಲ್ಫೇಟ್ ಕಡಿಮೆ ಇರುವುದು ಕಂಡುಬಂದಿತು. ಅದನ್ನು ಹೊರಗಿನಿಂದ ನೀಡಿದಾಗ ನೆನಪು ಸುಧಾರಿಸಿತಾದರೂ ಆ ಸುಧಾರಣೆ ತಾತ್ಕಾಲಿಕವಾಗಿತ್ತು.

(ಇ) 2019ರಲ್ಲಿ ಅಮೆರಿಕದ ಅಗಸ್ಟಾ ವಿಶ್ವವಿದ್ಯಾಲಯದ ತಂಡವು, ಮುಂಮಿದುಳಿನ ನರಕೋಶಗಳಲ್ಲಿ ಈಸ್ಟ್ರೊಜೆನ್ ತಯಾರಿಸುವ ಕಿಣ್ವವಿಲ್ಲದ ಸುಂಡಿಲಿಗಳನ್ನು ಬೆಳೆಸಿ ಪರೀಕ್ಷಿಸಿತು. ಇವು ಸ್ಥಳವನ್ನು ನೆನಪಿಡುವಲ್ಲಿಯೂ ವಸ್ತುಗಳನ್ನು ಗುರುತಿಸುವಲ್ಲಿಯೂ ಹಿಂದುಳಿದವು. ಗಂಡು ಸುಂಡಿಲಿಗಳಲ್ಲಿಯೂ ಈ ಕೊರತೆ ಕಂಡುಬಂದುದು ಗಮನಾರ್ಹ. ಈಸ್ಟ್ರೊಜೆನ್ ಕೇವಲ ಸಂತಾನೋತ್ಪತ್ತಿಗೆ ಸಂಬಂಧಿಸಿದ ಹಾರ್ಮೋನು ಅಲ್ಲವೆಂಬುದನ್ನು ಇದು ಸ್ಥಿರಪಡಿಸಿತು.

4. ಒತ್ತಡದಲ್ಲಿ ಮರೆತದ್ದು ಅಳಿಸಿಹೋಗುವುದೇ?

ಪರೀಕ್ಷಾ ಕೊಠಡಿಯಲ್ಲಿ ವಿದ್ಯಾರ್ಥಿಗೆ ಓದಿದ್ದು ನೆನಪಿಗೆ ಬಾರದೆ, ಹೊರಗೆ ಬಂದ ಮೇಲೆ ಎಲ್ಲವೂ ನೆನಪಾಗುವ ಅನುಭವ ಬಹುತೇಕ ಕುಟುಂಬಗಳಿಗೆ ಪರಿಚಿತ. ಇದಕ್ಕೆ ಹತ್ತಿರವಾದ ವಿವರಣೆಯು 1998ರಲ್ಲಿ ಪ್ರಕಟವಾದ ಇಲಿಗಳ ಅಧ್ಯಯನದಲ್ಲಿದೆ. ನೀರಿನ ತೊಟ್ಟಿಯಲ್ಲಿ ಪೀಠದ ಸ್ಥಳವನ್ನು ಚೆನ್ನಾಗಿ ಕಲಿತ ಇಲಿಗಳಿಗೆ ಪರೀಕ್ಷೆಗೆ ಮುಂಚಿತವಾಗಿ ಕಾಲಿಗೆ ಲಘು ವಿದ್ಯುತ್ ಆಘಾತ ನೀಡಲಾಯಿತು. ಆಘಾತವಾದ 30 ನಿಮಿಷಗಳ ನಂತರ ಪರೀಕ್ಷಿಸಿದ ಇಲಿಗಳು ಕಲಿತದ್ದನ್ನು ನೆನಪಿಗೆ ತಂದುಕೊಳ್ಳಲು ವಿಫಲವಾದವು. 2 ನಿಮಿಷಗಳ ನಂತರ ಅಥವಾ 4 ಗಂಟೆಗಳ ನಂತರ ಪರೀಕ್ಷಿಸಿದ ಇಲಿಗಳಲ್ಲಿ ಈ ತೊಂದರೆ ಇರಲಿಲ್ಲ. ರಕ್ತದಲ್ಲಿ ಕಾರ್ಟಿಕೊಸ್ಟರೋನ್ ಏರಿದ್ದ ಅವಧಿಗೂ ಮರೆವಿನ ಅವಧಿಗೂ ಹೊಂದಾಣಿಕೆ ಇದ್ದಿತು. ಹಾರ್ಮೋನಿನ ಏರಿಕೆಯನ್ನು ಔಷಧದಿಂದ ತಡೆದಾಗ ಮರೆವೂ ತಪ್ಪಿತು.

ಅಂದರೆ ಕಲಿತದ್ದು ಅಳಿಸಿಹೋಗಿರಲಿಲ್ಲ. ಅದನ್ನು ಹೊರತೆಗೆಯುವ ಕಾರ್ಯ ಮಾತ್ರ ಸ್ವಲ್ಪ ಕಾಲ ತಡೆಹಿಡಿಯಲ್ಪಟ್ಟಿತ್ತು. 2000ದಲ್ಲಿ ಆರೋಗ್ಯವಂತ ಮನುಷ್ಯರಿಗೆ ಕಾರ್ಟಿಸೋನ್ ಮಾತ್ರೆ ನೀಡಿ, ಹಿಂದಿನ ದಿನ ಕಲಿತ ಪದಗಳನ್ನು ಹೇಳಿಸಿದಾಗಲೂ ಇದೇ ಬಗೆಯ ಫಲಿತಾಂಶ ದೊರೆಯಿತು. ಆದುದರಿಂದ ಪರೀಕ್ಷೆಯ ದಿನ ಮಕ್ಕಳನ್ನು ಗದರಿಸುವುದು, ಇತರರೊಂದಿಗೆ ಹೋಲಿಸಿ ಮಾತನಾಡುವುದು ಅವರ ಕಲಿಕೆಗೆ ಸಹಾಯಕವಲ್ಲ.

5. ಬೆಂಗಳೂರಿನಲ್ಲಿ ನಡೆದ ಸಂಶೋಧನೆಗಳು

ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟರ್ಜಿ ಮತ್ತು ನಿಮ್ಹಾನ್ಸ್ ಸಂಸ್ಥೆಯ ಬಿ.ಎಸ್. ಶಂಕರನಾರಾಯಣ ರಾವ್ ಅವರನ್ನು ಒಳಗೊಂಡ ತಂಡವು 2002ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿತು. ಇಲಿಗಳನ್ನು ಪ್ರತಿದಿನ 2 ಗಂಟೆಗಳಂತೆ 10 ದಿನ ಅಲುಗಾಡದಂತೆ ಇರಿಸಿ ಒತ್ತಡಕ್ಕೆ ಒಳಪಡಿಸಲಾಯಿತು. ನಂತರ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಹಿಪ್ಪೊಕ್ಯಾಂಪಸ್‌ನ ನರಕೋಶಗಳ ಕವಲುಗಳು ಕುಗ್ಗಿದ್ದವು. ಆದರೆ ಅಮಿಗ್ಡಲಾದ ನರಕೋಶಗಳ ಕವಲುಗಳು ಇದಕ್ಕೆ ವಿರುದ್ಧವಾಗಿ ಬೆಳೆದಿದ್ದವು. ಒಂದೇ ಒತ್ತಡವು ನೆನಪಿನ ಕೇಂದ್ರವನ್ನು ಕುಗ್ಗಿಸಿ ಭಯದ ಕೇಂದ್ರವನ್ನು ಹಿಗ್ಗಿಸುತ್ತದೆ ಎಂಬುದು ಈ ಅಧ್ಯಯನದ ಮುಖ್ಯ ನಿರ್ಣಯ.

ಇದೇ ತಂಡದ 2004ರ ಅಧ್ಯಯನದಲ್ಲಿ, ಒತ್ತಡವನ್ನು ನಿಲ್ಲಿಸಿ ಇಲಿಗಳಿಗೆ 21 ದಿನಗಳ ವಿಶ್ರಾಂತಿ ನೀಡಲಾಯಿತು. ಹಿಪ್ಪೊಕ್ಯಾಂಪಸ್‌ನ ನರಕೋಶಗಳು ಚೇತರಿಸಿಕೊಂಡವು. ಅಮಿಗ್ಡಲಾದಲ್ಲಿನ ಬೆಳವಣಿಗೆ ಮತ್ತು ಇಲಿಗಳ ಆತಂಕದ ವರ್ತನೆ ಮಾತ್ರ ಹಾಗೆಯೇ ಉಳಿದವು.

2005ರ ಅಧ್ಯಯನವು ಮತ್ತೊಂದು ಅಂಶವನ್ನು ಹೊರಗೆಡಹಿತು. ಇಲಿಗಳನ್ನು ಒಂದೇ ಒಂದು ಬಾರಿ, 2 ಗಂಟೆಗಳ ಕಾಲ, ಒತ್ತಡಕ್ಕೆ ಒಳಪಡಿಸಲಾಯಿತು. ಮರುದಿನ ಪರೀಕ್ಷಿಸಿದಾಗ ಅಮಿಗ್ಡಲಾದಲ್ಲಿ ಯಾವುದೇ ಬದಲಾವಣೆ ಕಾಣಲಿಲ್ಲ. 10 ದಿನಗಳ ನಂತರ ಪರೀಕ್ಷಿಸಿದಾಗ ಅಲ್ಲಿನ ನರಕೋಶಗಳ ಮೇಲೆ ಹೊಸ ಸೂಕ್ಷ್ಮ ಚಾಚುಗಳು, ಅಂದರೆ ಹೊಸ ಸಂಪರ್ಕ ಸ್ಥಾನಗಳು, ಹೆಚ್ಚಿದ್ದವು. ಇಲಿಗಳ ಆತಂಕವೂ ಹೆಚ್ಚಿತ್ತು.

ಸ್ಟೀರಾಯ್ಡ್ ಹಾರ್ಮೋನು ಎಲ್ಲ ಸಂದರ್ಭಗಳಲ್ಲಿಯೂ ಹಾನಿಕರ ಎಂದು ಇದರಿಂದ ತೀರ್ಮಾನಿಸಲಾಗದು. 2012ರಲ್ಲಿ ಪ್ರಕಟವಾದ ಇದೇ ಪ್ರಯೋಗಾಲಯದ ಅಧ್ಯಯನದಲ್ಲಿ, ಒತ್ತಡದ ಸಮಯದಲ್ಲಿ ರಕ್ತದಲ್ಲಿ ಕಾರ್ಟಿಕೊಸ್ಟರೋನ್ ಮೊದಲೇ ಏರಿದ್ದ ಇಲಿಗಳಲ್ಲಿ 10 ದಿನಗಳ ನಂತರ ಕಾಣಬೇಕಾಗಿದ್ದ ಆತಂಕ ಕಾಣಲಿಲ್ಲ. ಹಾರ್ಮೋನಿನ ಪ್ರಮಾಣ ಎಷ್ಟು, ಎಷ್ಟು ದಿನ ಇದ್ದಿತು, ಯಾವ ಸಮಯದಲ್ಲಿ ಇದ್ದಿತು ಎಂಬ ಮೂರು ಅಂಶಗಳ ಮೇಲೆ ಪರಿಣಾಮವು ಅವಲಂಬಿತವಾಗಿರುತ್ತದೆ.

6. ವಿಪತ್ತಿನ ನಂತರ ಗಮನಿಸಬೇಕಾದ ಅಂಶಗಳು

ಇಲಿಗಳ 10 ದಿನಗಳನ್ನು ಮನುಷ್ಯರ 10 ದಿನಗಳಿಗೆ ಸಮನಾಗಿ ಎಣಿಸಲಾಗದು. ಆದರೆ ಒಂದೇ ಬಾರಿಯ ಆಘಾತವು ಕೂಡಲೇ ಕಾಣಿಸದೆ ತಡವಾಗಿ ಪ್ರಕಟವಾಗಬಹುದು ಎಂಬ ಅಂಶವು ಮನುಷ್ಯರ ವಿಷಯದಲ್ಲಿಯೂ ವೈದ್ಯರಿಗೆ ತಿಳಿದಿರುವುದೇ ಆಗಿದೆ. ಶರಾವತಿ, ಗುಂಡಬಾಳ, ಅಘನಾಶಿನಿ ನದಿಪಾತ್ರಗಳಲ್ಲಿ ನೆರೆ ಬಂದಾಗ ಕಾಳಜಿ ಕೇಂದ್ರಗಳಿಗೆ ಸ್ಥಳಾಂತರಗೊಂಡವರು, ಗುಡ್ಡ ಕುಸಿತವನ್ನು ಕಣ್ಣಾರೆ ಕಂಡವರು, ದೋಣಿ ಅವಘಡದಲ್ಲಿ ಪಾರಾದ ಮೀನುಗಾರರು ಹಾಗೂ ಅವರ ಮನೆಯವರು ಆರಂಭದಲ್ಲಿ ಧೈರ್ಯದಿಂದಿದ್ದು, ನೀರು ಇಳಿದು ಎಲ್ಲರೂ ಮನೆಗೆ ಮರಳಿದ ಮೇಲೆ ಕುಗ್ಗುವ ಸಂಭವವಿರುತ್ತದೆ. ಈ ಕೆಳಕಂಡ ಲಕ್ಷಣಗಳು ಕೆಲವು ವಾರಗಳ ಕಾಲ ಮುಂದುವರಿದಲ್ಲಿ ವೈದ್ಯರನ್ನು ಕಾಣುವುದು ಅಗತ್ಯ.

• ನಿದ್ರೆ ಬಾರದಿರುವುದು ಅಥವಾ ಅದೇ ಘಟನೆಯ ಕನಸುಗಳು ಮರುಕಳಿಸುವುದು
• ಮಳೆಯ ಸದ್ದು, ಗುಡುಗು, ವಾಹನದ ಸದ್ದಿಗೆ ಬೆಚ್ಚಿಬೀಳುವುದು
• ಆ ಸ್ಥಳಕ್ಕೆ ಹೋಗಲು, ಸಮುದ್ರಕ್ಕೆ ಇಳಿಯಲು ನಿರಾಕರಿಸುವುದು
• ದಿನನಿತ್ಯದ ವಿಷಯಗಳಲ್ಲಿ ಮರೆವು, ಗಮನ ನಿಲ್ಲದಿರುವುದು
• ಮಕ್ಕಳಲ್ಲಿ ಓದಿನಲ್ಲಿ ಹಿನ್ನಡೆ, ಹಾಸಿಗೆಯಲ್ಲಿ ಮೂತ್ರ ವಿಸರ್ಜನೆ, ತಾಯಿಯನ್ನು ಬಿಟ್ಟಿರಲು ಒಪ್ಪದಿರುವುದು
• ಬದುಕು ಬೇಡವೆಂಬ ಮಾತು (ಇಂತಹ ಸಂದರ್ಭದಲ್ಲಿ ಕಾಯದೆ ಕೂಡಲೇ ಸಹಾಯ ಪಡೆಯತಕ್ಕದ್ದು)

ಇವು ಮನೋದೌರ್ಬಲ್ಯದ ಅಥವಾ ಸೋಗಿನ ಲಕ್ಷಣಗಳಲ್ಲ. ಮಿದುಳಿನ ನರಕೋಶಗಳಲ್ಲಿ ಆಗುವ ನೈಜ ಬದಲಾವಣೆಗಳು ಇಂತಹ ವರ್ತನೆಗೆ ಕಾರಣವಾಗಬಲ್ಲವು ಎಂಬುದನ್ನು ಮೇಲಿನ ಅಧ್ಯಯನಗಳು ತೋರಿಸುತ್ತವೆ.

7. ಚೇತರಿಕೆ ಸಾಧ್ಯವೇ?

ಸಾಧ್ಯ. ನಿಮ್ಹಾನ್ಸ್‌ನ ನರಶರೀರಕ್ರಿಯಾ ವಿಭಾಗದ ತಂಡವು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೀರ್ಘಕಾಲ ಒತ್ತಡಕ್ಕೆ ಒಳಗಾಗಿ ಕಲಿಕೆ ಕುಂದಿದ್ದ ಇಲಿಗಳನ್ನು ಸಮೃದ್ಧ ಪರಿಸರದಲ್ಲಿ ಇರಿಸಲಾಯಿತು. ವಿಶಾಲವಾದ ಜಾಗ, ಜೊತೆಗಾರ ಇಲಿಗಳು, ಆಡಲು ಮತ್ತು ಅನ್ವೇಷಿಸಲು ಬಗೆಬಗೆಯ ವಸ್ತುಗಳು ಇರುವುದಕ್ಕೆ ಸಮೃದ್ಧ ಪರಿಸರ ಎನ್ನಲಾಗುತ್ತದೆ. ಇದರಿಂದ ಹಿಪ್ಪೊಕ್ಯಾಂಪಸ್‌ನಲ್ಲಿ ಕುಗ್ಗಿದ್ದ ಹೊಸ ಕೋಶಗಳ ಉತ್ಪತ್ತಿ ಮರಳಿತು, ಕಲಿಕೆಯೂ ಸುಧಾರಿಸಿತು. ಆಘಾತಕ್ಕೊಳಗಾದ ಮಕ್ಕಳನ್ನು ಆದಷ್ಟು ಬೇಗ ಶಾಲೆಗೆ, ಆಟಕ್ಕೆ, ಸ್ನೇಹಿತರ ಒಡನಾಟಕ್ಕೆ ಮರಳಿಸಬೇಕೆಂಬ ತಜ್ಞರ ಸಲಹೆಗೆ ಇದು ಪೂರಕವಾಗಿದೆ. ಭಯದ ಕೇಂದ್ರದಲ್ಲಿನ ಬದಲಾವಣೆ ವಿಶ್ರಾಂತಿಯಿಂದ ಮಾತ್ರ ಹೋಗದಿರಬಹುದಾದ್ದರಿಂದ, ಆತಂಕ ಮುಂದುವರಿದವರಿಗೆ ಆಪ್ತಸಮಾಲೋಚನೆ ಹಾಗೂ ಅವಶ್ಯವಿದ್ದಲ್ಲಿ ಔಷಧೋಪಚಾರ ಬೇಕಾಗುತ್ತದೆ.

8. ಎಚ್ಚರಿಕೆ: ಇಲಿಗಳ ಫಲಿತಾಂಶವನ್ನು ನೇರವಾಗಿ ಅನ್ವಯಿಸಬಾರದು

ಈಸ್ಟ್ರೊಜೆನ್ ಇಲಿಗಳ ನೆನಪಿಗೆ ಸಹಾಯಕವೆಂದು ಕಂಡುಬಂದಿರುವುದರಿಂದ ಅದು ವಯಸ್ಸಾದ ಮಹಿಳೆಯರಿಗೂ ಹಾಗೆಯೇ ಆಗಬಹುದೆಂಬ ನಿರೀಕ್ಷೆ ಇದ್ದಿತು. ಅಮೆರಿಕದಲ್ಲಿ 65 ವರ್ಷ ಮೇಲ್ಪಟ್ಟ 4,532 ಮಹಿಳೆಯರ ಮೇಲೆ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟಿನ್ ಒಟ್ಟಿಗೆ ಪಡೆದವರಲ್ಲಿ ಬುದ್ಧಿಭ್ರಂಶದ ಅಪಾಯ ಸುಮಾರು ಎರಡು ಪಟ್ಟು ಹೆಚ್ಚಿರುವುದು ಕಂಡುಬಂದಿತು. ಆದುದರಿಂದ ಸಾರ್ವಜನಿಕರು ಈ ಕೆಳಗಿನ ಅಂಶಗಳನ್ನು ಗಮನದಲ್ಲಿಡತಕ್ಕದ್ದು.

1) ನೆನಪಿನ ಶಕ್ತಿ ಹೆಚ್ಚಿಸುವುದೆಂದು ಹೇಳಿ ಮಾರಾಟ ಮಾಡುವ ಹಾರ್ಮೋನು ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ತೆಗೆದುಕೊಳ್ಳಬಾರದು, ಮಕ್ಕಳಿಗೆ ಕೊಡಲೇಬಾರದು.

2) ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್ ಮುಂತಾದ ಸ್ಟೀರಾಯ್ಡ್ ಮಾತ್ರೆಗಳು ಕಾರ್ಟಿಸಾಲ್‌ನಂತೆಯೇ ಕೆಲಸ ಮಾಡುವ ಔಷಧಗಳು. ಕೀಲುನೋವು, ಅಲರ್ಜಿ, ಉಬ್ಬಸಕ್ಕೆಂದು ಹಳೆಯ ಚೀಟಿಯನ್ನು ತೋರಿಸಿ ಔಷಧ ಅಂಗಡಿಯಿಂದ ಪದೇ ಪದೇ ಕೊಳ್ಳುವುದು ಅಪಾಯಕಾರಿ. ನಿದ್ರಾಹೀನತೆ, ಮನಃಸ್ಥಿತಿಯ ಏರುಪೇರು, ಮರೆವು, ಸಕ್ಕರೆ ಕಾಯಿಲೆಯ ಉಲ್ಬಣ ಇದರಿಂದ ಆಗಬಹುದು.

3) ಈ ಮಾತ್ರೆಗಳನ್ನು ಹಲವು ವಾರಗಳ ಕಾಲ ತೆಗೆದುಕೊಂಡವರು ಭಯದಿಂದ ಒಮ್ಮೆಲೇ ನಿಲ್ಲಿಸಬಾರದು. ದೇಹದ ಅಡ್ರಿನಲ್ ಗ್ರಂಥಿ ತನ್ನ ಕೆಲಸವನ್ನು ಕಡಿಮೆ ಮಾಡಿರುವುದರಿಂದ ವಾಂತಿ, ತಲೆಸುತ್ತು, ರಕ್ತದೊತ್ತಡ ಕುಸಿತ ಉಂಟಾಗಿ ಪ್ರಾಣಾಪಾಯ ಸಂಭವಿಸಬಹುದು. ವೈದ್ಯರ ಸೂಚನೆಯಂತೆ ಹಂತ ಹಂತವಾಗಿ ಕಡಿಮೆ ಮಾಡಬೇಕು.

4) ಉಬ್ಬಸಕ್ಕೆ ವೈದ್ಯರು ಸೂಚಿಸಿದ ಇನ್‌ಹೇಲರ್‌ನಲ್ಲಿ ಸ್ಟೀರಾಯ್ಡ್ ಪ್ರಮಾಣ ಅಲ್ಪವಾಗಿರುತ್ತದೆ. ಈ ಲೇಖನವನ್ನು ಓದಿ ಅದನ್ನು ನಿಲ್ಲಿಸಬಾರದು.

9. ದೊರೆಯುವ ಸೇವೆಗಳು

(ಅ) ತಾಲ್ಲೂಕು ಆಸ್ಪತ್ರೆ: ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ ಚೀಟಿ ಪಡೆದು ವೈದ್ಯರನ್ನು ಕಾಣಬಹುದು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ವಿಚಾರಿಸಬಹುದು. ಮನೋವೈದ್ಯರು ಭೇಟಿ ನೀಡುವ ದಿನವನ್ನು ಆಸ್ಪತ್ರೆಯಲ್ಲಿ ಅಥವಾ ಆಶಾ ಕಾರ್ಯಕರ್ತೆಯರ ಮೂಲಕ ತಿಳಿದುಕೊಂಡು ಹೋಗುವುದು ಸೂಕ್ತ.

(ಆ) ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ: ಆಗಿನ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗದ ಮಾದರಿಯಲ್ಲಿ 1996ರಲ್ಲಿ ದೇಶದಲ್ಲಿ ಆರಂಭಗೊಂಡ ಕಾರ್ಯಕ್ರಮವಿದು. ಇದರ ಅಡಿಯಲ್ಲಿ ಚಿಕಿತ್ಸೆ, ಆಪ್ತಸಮಾಲೋಚನೆ ಮತ್ತು ಔಷಧಗಳನ್ನು ಸರ್ಕಾರಿ ಆಸ್ಪತ್ರೆಗಳ ಮೂಲಕ ಒದಗಿಸಲಾಗುತ್ತದೆ.

(ಇ) ಟೆಲಿ-ಮನಸ್ ದೂರವಾಣಿ ಸೇವೆ: 2022ರ ಅಕ್ಟೋಬರ್ 10ರಂದು ಆರಂಭಗೊಂಡ ಈ ಸೇವೆಗೆ 14416 ಸಂಖ್ಯೆಗೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲಿ ಮಾತನಾಡಬಹುದು.

(ಈ) ಅಂಗವಿಕಲತೆಯ ಗುರುತಿನ ಚೀಟಿ: 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದಲ್ಲಿ ದೀರ್ಘಕಾಲದ ಮಾನಸಿಕ ಅಸ್ವಸ್ಥತೆ ಹಾಗೂ ನಿರ್ದಿಷ್ಟ ಕಲಿಕಾ ನ್ಯೂನತೆ ಇವೆರಡೂ ಸೇರಿವೆ. ಅರ್ಹರು ಸ್ವಾವಲಂಬನ್ ಅಂತರಜಾಲ ತಾಣದ ಮೂಲಕ ಅರ್ಜಿ ಸಲ್ಲಿಸಬಹುದು. ವೈದ್ಯಕೀಯ ಪ್ರಾಧಿಕಾರದ ಪರೀಕ್ಷೆಯ ನಂತರ ಪ್ರಮಾಣಪತ್ರ ನೀಡಲಾಗುತ್ತದೆ.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನೆರೆ ಬಂದು ಹಲವು ತಿಂಗಳುಗಳಾಗಿವೆ. ಈಗ ಆಸ್ಪತ್ರೆಗೆ ಹೋದರೆ ಪ್ರಯೋಜನವಿದೆಯೇ?
ಉತ್ತರ: ಇದೆ. ತಡವಾಗಿ ಕಾಣಿಸಿಕೊಳ್ಳುವುದು ಈ ತೊಂದರೆಯ ಸ್ವಭಾವಗಳಲ್ಲೊಂದು. ಚಿಕಿತ್ಸೆಗೆ ಕಾಲಮಿತಿ ಇರುವುದಿಲ್ಲ.

ಪ್ರಶ್ನೆ: ಮನೆ ಹಾನಿಯ ಪರಿಹಾರಕ್ಕೆ ಅರ್ಜಿ ಹಾಕಿರುವವರಿಗೆ ಮಾತ್ರ ಈ ಸೇವೆ ದೊರೆಯುವುದೇ?
ಉತ್ತರ: ಇಲ್ಲ. ಪರಿಹಾರದ ಅರ್ಜಿಯು ತಹಶೀಲ್ದಾರರ ಕಚೇರಿಗೆ ಸಂಬಂಧಿಸಿದ ವಿಷಯ. ಮಾನಸಿಕ ಆರೋಗ್ಯ ಸೇವೆಗೆ ಅದರ ಅವಶ್ಯಕತೆ ಇಲ್ಲ.

ಪ್ರಶ್ನೆ: ಚಿಕಿತ್ಸೆ ಪಡೆದ ವಿಷಯ ಊರಿನಲ್ಲಿ ತಿಳಿಯುವುದೇ?
ಉತ್ತರ: 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮದ ಪ್ರಕಾರ ರೋಗಿಯ ವಿವರಗಳನ್ನು ಗೌಪ್ಯವಾಗಿ ಇಡತಕ್ಕದ್ದು. ಸರ್ಕಾರಿ ಸೇವೆಯ ಮೂಲಕ ಮಾನಸಿಕ ಆರೋಗ್ಯ ಆರೈಕೆ ಪಡೆಯುವುದು ಅದೇ ಅಧಿನಿಯಮದಡಿ ಪ್ರತಿಯೊಬ್ಬರ ಹಕ್ಕು.

ಪ್ರಶ್ನೆ: ವಯಸ್ಸಾದವರ ಮರೆವೆಲ್ಲವೂ ಒತ್ತಡದಿಂದಲೇ ಬರುವುದೇ?
ಉತ್ತರ: ಇಲ್ಲ. ಥೈರಾಯ್ಡ್ ತೊಂದರೆ, ವಿಟಮಿನ್ ಬಿ12 ಕೊರತೆ, ಖಿನ್ನತೆ, ಕೆಲವು ಔಷಧಗಳು ಹಾಗೂ ಮಿದುಳಿನ ಕಾಯಿಲೆಗಳು ಸಹ ಕಾರಣವಾಗಬಹುದು. ಇವುಗಳಲ್ಲಿ ಕೆಲವು ಚಿಕಿತ್ಸೆಯಿಂದ ಗುಣವಾಗುವಂಥವು. ಆದುದರಿಂದ ಮರೆವನ್ನು ವಯಸ್ಸಿನ ಲಕ್ಷಣವೆಂದು ಕಡೆಗಣಿಸದೆ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ಆಸ್ಪತ್ರೆಗೆ ಬರುವಾಗ ರೋಗಿಯು ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಗಳನ್ನು ಅಥವಾ ಅವುಗಳ ಚೀಟಿಗಳನ್ನು ಜೊತೆಯಲ್ಲಿ ತರುವುದು.